ಗೊತ್ತಿಲ್ಲದಿದ್ದರೆ ಎರಡು ಡಬ್ಬ

ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಹತ್ತದಿದ್ದರೆ ಬಸ್ಸು ತಪ್ಪಿದ ಚಿಂತೆ. ಎಡಗೈ ಜೋಮು ಹಿಡಿದರೆ ಹೃದಯದ್ದೇ ಇರಬೇಕು ಅನ್ನಿಸುತ್ತದೆ. ಬಲಗೈ ಜೋಮು ಹಿಡಿದರೆ, ಕೆಲವರಿಗೆ ಹೃದಯ ಬಲಕ್ಕೂ ಇರುತ್ತದಂತೆ ಎಂದು ಎಲ್ಲೋ ಓದಿದ್ದು ನೆನಪಾಗುತ್ತದೆ. ಇಷ್ಟು ವರ್ಷದಲ್ಲಿ ನಾನು ಚಿಂತೆ ಮಾಡಿದ ಒಂದೂ ಸಂಗತಿ ನಡೆದಿರಲಿಲ್ಲವಾದ್ದರಿಂದ, ಮೊದಲೇ ಚಿಂತೆ ಮಾಡಿಬಿಟ್ಟರೆ ಅದು ಆಗುವುದಿಲ್ಲ ಎಂಬ ನಂಬಿಕೆಯನ್ನು ಬೆಳೆಸಿಕೊಂಡು ಹಾಯಾಗಿದ್ದೆ. ಅಂದರೆ ಹಾಯಾಗಿ ಚಿಂತೆ ಮಾಡಿಕೊಂಡಿದ್ದೆ. ಆ ನಂಬಿಕೆ ಸುಳ್ಳಾದದ್ದು ಟೀಚರಮ್ಮನ ವಿಷಯದಲ್ಲಿ.

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಬೆಟ್ಟದಪುರದ ಬೆಟ್ಟ ಕಾಣುವಷ್ಟು ದೂರದಲ್ಲಿರುವ ನಮ್ಮೂರ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದವರು. ಭೇರ್ಯದ ಕಡೆಯವರು. ನಿವೃತ್ತಿಯಾದ ಮೇಲೂ ಊರಿಗೆ ವಾಪಸು ಹೋಗಲಿಲ್ಲ. ಯಾಕೆ ಎಂದರೆ, "ಟ್ರಾನ್ಸ್‌ಫರ್ ಆರ್ಡರ್ ಬಂದಿಲ್ಲ ಕಣೋ" ಅನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ಗಂಟಲು. ಎಂಟನೇ ಕ್ಲಾಸಿಗೆ ಅವರು ಬೆಳಕಿನ ಪಾಠ ಮಾಡುತ್ತಿದ್ದರೆ ಗೋಡೆಯಾಚೆ ಹತ್ತನೇ ಕ್ಲಾಸಿನವರು, ಕನ್ನಡದ ಪಿರಿಯಡ್ಡಿನಲ್ಲಿ, ಬೆಳಕು ನೇರವಾಗಿ ಚಲಿಸುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ನಾನು ಅವರ ವಿದ್ಯಾರ್ಥಿ. ಅವರ ವಿಜ್ಞಾನ ನನಗೆ ಹತ್ತಲಿಲ್ಲ. ಇತಿಹಾಸ ಓದಿ ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಹಾಜರಾತಿ ಕಡ್ಡಾಯವಿಲ್ಲದ ಕಡೆ ಇದುವರೆಗೆ ನನ್ನ ಮಾತನ್ನು ಯಾರೂ ಕೂತು ಕೇಳಿಲ್ಲ.

ನಮ್ಮ ಕಡೆ ಬೇಸಿಗೆ ಬಂತೆಂದರೆ ಸಸಿ ಮಡಿ ಬಂತೆಂದು ಅರ್ಥ. ಕೆರೆಯ ನೀರು ಹಿಂದಕ್ಕೆ ಸರಿದಂತೆ ಅದು ಬಿಟ್ಟುಕೊಟ್ಟ ಅಂಗಳದಲ್ಲಿ ಹೊಗೆಸೊಪ್ಪಿನ ಸಸಿಗೆ ಮಡಿ ಹಾಕುತ್ತಾರೆ. ಸಾಸಿವೆಗಿಂತ ಸಣ್ಣ ಬೀಜ. ಬೆಳಿಗ್ಗೆ ಸಂಜೆ ಜಲ್ಲಡಿ ಮೂತಿಯ ಡಬ್ಬದಲ್ಲಿ ಸೋನೆ ಬಿದ್ದ ಹಾಗೆ ನೀರು ಚಿಮುಕಿಸಬೇಕು. ಒಂದು ಹೊತ್ತು ತಪ್ಪಿದರೆ ಸಸಿ ಮಲಗಿಬಿಡುತ್ತದೆ. ಹಾಗಾಗಿ ಮುಂಗಾರಿನ ಮೊದಲ ಮಳೆ ಬಂದು ಸಸಿ ಕೀಳುವವರೆಗೆ, ಸಂಜೆಯಾದರೆ ಊರಿಗೂರೇ ಕೆರೆ ಅಂಗಳದಲ್ಲಿ ಬಗ್ಗಿರುತ್ತದೆ.

ಸೊಪ್ಪು ಬೇಯಿಸುವ ಬ್ಯಾರನ್ನಿನ ಥರ್ಮಾಮೀಟರು ಓದಲು ಬಾರದ ಹೆಂಗಸರಿಗೆ ಟೀಚರಮ್ಮ ಅಂಕಿ ಕಲಿಸಿದ್ದು ಮೊದಲು. ಅಂಕಿ ಬಂದ ಮೇಲೆ ಅಕ್ಷರ, ಅಕ್ಷರ ಬಂದ ಮೇಲೆ ಬಸ್ಸಿನ ಬೋರ್ಡು. ಬೋರ್ಡು ಓದಲು ಬಂದವರು, ಆ ಬಸ್ಸು ಹೋಗುವ ಊರಿನಲ್ಲಿ ಏನಿದೆ ಎಂದು ಕೇಳತೊಡಗಿದರು. "ಇನ್ನು ನನ್ನೊಬ್ಬಳ ಕೈಲಿ ಆಗಲ್ಲ" ಎಂದು ಟೀಚರಮ್ಮ ಶನಿವಾರ ಶನಿವಾರ ಹೊರಗಿನಿಂದ ಮಾತಾಡುವವರನ್ನು ಕರೆಸಲು ಶುರುಮಾಡಿದರು. ಕೆರೆ ಏರಿಯ ಮೇಲೆ, ತೂಬಿನ ಕಲ್ಲೇ ವೇದಿಕೆ. ಕೇಳುವವರು ಕೆಳಗೆ ಮಡಿಗಳ ನಡುವೆ, ಬಗ್ಗಿಕೊಂಡು. ಚಪ್ಪಾಳೆ ಇಲ್ಲ, ಎಲ್ಲರ ಕೈಯಲ್ಲೂ ಡಬ್ಬ. ಮೈಕು ಬೇಡ ಎಂದವರೂ ಟೀಚರಮ್ಮನೇ. "ಮೈಕ್ ಕಟ್ಟಿದ್ರೆ ಎಲೆಕ್ಷನ್ ಅಂದ್ಕೊಂಡು ಎದ್ದು ಹೋಗ್ತಾರೆ." ಬಂದವರು ಒಂದು ವಾಕ್ಯ ಹೇಳಿದರೆ ಇವರು ಅದನ್ನು ನಮ್ಮ ಮಾತಿಗೆ ತಿರುಗಿಸಿ, ಕೊನೆಯ ಮಡಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದರು. ಎಷ್ಟೋ ಸಲ ಮೂಲಕ್ಕಿಂತ ಅದೇ ಚೆನ್ನಾಗಿರುತ್ತಿತ್ತು.

ಮಾತು ಮುಗಿಯುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಕಿವಿಯ ಹಿಂದಿಟ್ಟು, ಇಡೀ ಅಂಗಳದ ಕಡೆ ಬಾಗಿ "ಹ್ಞಾ?" ಅನ್ನುತ್ತಿದ್ದರು. ಪ್ರಶ್ನೆ ಬರಲಿ ಎಂದು. ಅದಕ್ಕೆ ಅವರದೇ ಕಟ್ಟಳೆ ಇತ್ತು. ಯಾರಾದರೂ ಪ್ರಶ್ನೆ ಕೇಳಿ, ಮಾತಾಡಿದವರಿಗೆ ಉತ್ತರ ಗೊತ್ತಿದ್ದರೆ ಉತ್ತರ ಹೇಳಿ ಕೇಳಿದವರ ಮಡಿಗೆ ಒಂದು ಡಬ್ಬ ನೀರು ಹಾಕಬೇಕು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿ ಎರಡು ಡಬ್ಬ ಹಾಕಬೇಕು. ಮೈಸೂರಿನಿಂದ ಇಸ್ತ್ರಿ ಪ್ಯಾಂಟಿನಲ್ಲಿ ಬಂದ ಎಷ್ಟು ಜನ ವಿದ್ವಾಂಸರು ನಮ್ಮ ಕೆರೆಯ ಕೆಸರಿನಲ್ಲಿ ಒಂದೊಂದು ಚಪ್ಪಲಿ ಬಿಟ್ಟು ಹೋಗಿದ್ದಾರೋ. ಸಕ್ಕರೆ ಕಾಯಿಲೆಯ ಮೇಲೆ ಮಾತಾಡಿದ ಡಾಕ್ಟರೊಬ್ಬರನ್ನು ನನ್ನ ಗೆಳೆಯ ಸಣ್ಣಪ್ಪ, "ಸಾರ್, ನಿಮಗೂ ಐತಾ?" ಎಂದು ಕೇಳಿದ. ಅವರು "ಇದೆ" ಎಂದು ಒಂದು ಡಬ್ಬ ಹೊತ್ತರು.

ಇನ್ನೊಂದು ಕಟ್ಟಳೆಯೂ ಇತ್ತು. ಯಾವ ಶನಿವಾರ ಅಂಗಳದಿಂದ ಒಂದೇ ಒಂದು ಪ್ರಶ್ನೆಯೂ ಬರುವುದಿಲ್ಲವೋ, ಆ ವರ್ಷದ ಉಪನ್ಯಾಸ ಅವತ್ತಿಗೆ ಬಂದ್. "ಕೇಳೋದು ಮುಗಿದ ಊರಿಗೆ ಹೇಳೋಕೆ ಏನಿರುತ್ತೆ" ಅನ್ನುತ್ತಿದ್ದರು. ಹಾಗೆ ಎಂದೂ ಆಗಿರಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಅವರ ಗಂಟಲು ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ಶುಂಠಿ, ಜೇನುತುಪ್ಪ ತಂದುಕೊಟ್ಟರು. ನಾನು ಮಾತ್ರ ನನ್ನ ಸ್ವಭಾವದಂತೆ ಅತ್ಯಂತ ಕೆಟ್ಟದ್ದನ್ನೇ ಊಹಿಸಿ, ಊಹಿಸಿದ್ದರಿಂದ ಅದು ಇರಲಾರದು ಎಂದು ಸಮಾಧಾನ ಮಾಡಿಕೊಂಡು, ಸುಮ್ಮನೆ ತೋರಿಸಿಬಿಡೋಣ ಎಂದು ಮೈಸೂರಿಗೆ ಕರೆದುಕೊಂಡು ಹೋದೆ. ಅದೇ ಆಗಿತ್ತು.

ಡಾಕ್ಟರು ಕೇಳಿದರು, "ಹೊಗೆಸೊಪ್ಪು ಏನಾದ್ರೂ ಅಭ್ಯಾಸ ಇದೆಯಾ ಅಮ್ಮ?"

"ಇಲ್ಲ ಸಾರ್. ಅದರ ಮಧ್ಯೆ ನಿಂತ್ಕೊಂಡು ಪಾಠ ಹೇಳ್ತೀನಿ, ಅಷ್ಟೆ."

ಗಂಟು ಇನ್ನೂ ಚಿಕ್ಕದಿದೆ, ಈಗಲೇ ಆಪರೇಷನ್ ಮಾಡಿಸಿಕೊಂಡರೆ ಒಳ್ಳೆಯದು, ಧ್ವನಿಯಂತೂ ಮೊದಲಿನ ಹಾಗೆ ಇರುವುದಿಲ್ಲ, ಹೋದರೂ ಹೋಗಬಹುದು ಎಂದರು ಡಾಕ್ಟರು. ಅಲ್ಲಿಯವರೆಗೆ ಮಾತು ಕಡಿಮೆ ಮಾಡಿ, ಕೂಗಲೇಬೇಡಿ ಎಂದರು. ಟೀಚರಮ್ಮ ಎಲ್ಲವನ್ನೂ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಕೇಳಿಸಿಕೊಂಡರು. ಹೊರಗೆ ಬಂದು ಕಬ್ಬಿನ ಹಾಲು ಕುಡಿಯುತ್ತಾ ನನಗೆ ಹೇಳಿದರು: "ಸಸಿ ಕೀಳ್ಲಿ. ಆಮೇಲೆ ಬರೋಣ."

"ಟೀಚರಮ್ಮ, ಸಸಿ ಕೀಳೋದು ಭರಣಿ ಮಳೆ ಬಂದ್ಮೇಲೆ. ಇನ್ನೂ ಮಾರ್ಚಿ ತಿಂಗಳು."

"ಹೇಗಿದ್ರೂ ಹೋಗೋ ಧ್ವನಿ ಕಣೋ. ಈ ಬೇಸಿಗೆಗೆ ಖರ್ಚು ಮಾಡ್ಬಿಡ್ತೀನಿ."

ಅಲ್ಲಿಂದ ಮುಂದಿನ ದಿನಗಳು ನನಗೆ ಹೇಗೆ ಕಳೆದವು ಎಂದು ಹೇಳಲಾರೆ. ಬೇಡಿಕೊಂಡೆ, ಕೋಪಿಸಿಕೊಂಡೆ, ಭೇರ್ಯದಿಂದ ಅವರ ತಮ್ಮನನ್ನು ಕರೆಸಿದೆ. ಆತ ಬಂದು ಅಕ್ಕನ ಮುಂದೆ ಮಂಡಿ ಹಿಡಿದು ಕೂತು, ಉಪ್ಪಿಟ್ಟು ತಿಂದು, ಅಳುತ್ತಾ ಹೋದ. ಶನಿವಾರ ಬಂತೆಂದರೆ ಅವರು ತೂಬಿನ ಕಲ್ಲಿನ ಮೇಲೆ ನಿಂತು ಕೂಗುತ್ತಿದ್ದರು, ನಾನು ಏರಿಯ ಮರದ ಹಿಂದೆ ನಿಂತು ಒಂದೊಂದು ಕೂಗಿಗೂ ನನ್ನ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮಿಕ್ಕ ದಿನ ಆಕಾಶ ನೋಡುತ್ತಿದ್ದೆ. ಪಾಠದ ನಡುವೆ ಕಿಟಕಿಗೆ ಹೋಗಿ ಮೋಡ ಹುಡುಕುವ ಮೇಷ್ಟ್ರನ್ನು ಕಂಡು ಹುಡುಗರು, ಸಾರ್ ಈ ವರ್ಷ ಸೊಪ್ಪು ಹಾಕಿದ್ದಾರೆ ಎಂದು ಮಾತಾಡಿಕೊಂಡರು. ಮೋಡ ಬಂದರೂ ಬೆಟ್ಟದ ಮೇಲೆ ನಿಂತು ನಮ್ಮನ್ನು ನೋಡಿ ಹೋಗುತ್ತಿತ್ತು. ಭರಣಿ ಹತ್ತಿರ ಬಂದರೂ ಹನಿ ಬೀಳಲಿಲ್ಲ.

ಮಳೆ ತರಿಸುವುದು ನನ್ನ ಕೈಯಲ್ಲಿರಲಿಲ್ಲ. ಆದರೆ ಒಂದು ಶನಿವಾರ ಪ್ರಶ್ನೆ ಬಾರದ ಹಾಗೆ ಮಾಡಬಹುದಲ್ಲ ಎಂದು ಹೊಳೆದದ್ದು ಕೆ.ಆರ್. ನಗರದ ಬಸ್ಸಿನಲ್ಲಿ. ಅವತ್ತೇ ಸಂಜೆ ಕೆರೆ ಅಂಗಳಕ್ಕೆ ಹೋಗಿ ಮಡಿಯಿಂದ ಮಡಿಗೆ ಅಲೆದೆ. ಬಗ್ಗಿದ್ದವರ ಪಕ್ಕ ನಾನೂ ಬಗ್ಗಿ, ಕದ್ದ ಮಾಲು ಮಾರುವವನ ಹಾಗೆ ಪಿಸುಗುಟ್ಟಿದೆ. ಬರೋ ಶನಿವಾರ ಯಾರೂ ಏನೂ ಕೇಳಬೇಡಿ. ಒಂದು ದಿನ. ನಿಂತುಹೋಗಲಿ. ಭಾನುವಾರ ನಾನು ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ.

ಒಬ್ಬರೂ ಇಲ್ಲವೆನ್ನಲಿಲ್ಲ. ಸಣ್ಣಪ್ಪ, "ನಾನು ಬಾಯಿಗೆ ಎಲಡಿಕೆ ತುಂಬ್ಕತೀನಿ ಕಣ್ಲಾ, ಯೋಚ್ನೆ ಮಾಡ್ಬ್ಯಾಡ" ಅಂದ. ಕೊನೆಯ ಮಡಿ ಜವರಮ್ಮನದು. ಥರ್ಮಾಮೀಟರಿನ ಕಾಲದಿಂದ ಟೀಚರಮ್ಮನ ಹತ್ತಿರ ಕಲಿತ ಮುದುಕಿ, ಈಗ ಬಸ್ಸಿನ ಬೋರ್ಡನ್ನು ಡ್ರೈವರಿಗೇ ಓದಿ ಹೇಳುವಾಕೆ. "ನಮ್ಮ ಟೀಚರಮ್ಮುಂಗೋಸ್ಕರ ಒಂದಿನ ಮೂಗಿ ಆಗಾಕಾಗಲ್ವಾ ಮಗ? ಓಗು ನೀನು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಒಂದು ಭಯ ಉಳಿದಿತ್ತು. ಆ ವಾರ ಬರಬೇಕಾದವರು ನಕ್ಷತ್ರಗಳ ಬಗ್ಗೆ ಮಾತಾಡುವವರು. ನಕ್ಷತ್ರದ ವಿಷಯ ಎತ್ತಿದರೆ ಯಾರ ಬಾಯಿ ತಡೆಯುತ್ತದೆ? ಅವರಿಗೆ ಫೋನು ಮಾಡಿ, ಅನಿವಾರ್ಯ ಕಾರಣ ಎಂದು ತಪ್ಪಿಸಿದೆ. ಅವರ ಬದಲಿಗೆ ಜಗತ್ತಿನಲ್ಲೇ ಯಾರಿಗೂ ಪ್ರಶ್ನೆ ಹುಟ್ಟಿಸದ ಮಾತುಗಾರ ಬೇಕಿತ್ತು. ಹೆಚ್ಚು ಹುಡುಕಬೇಕಾಗಲಿಲ್ಲ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ವಿದ್ಯಾರ್ಥಿಗಳು ನನ್ನನ್ನು ಕೇಳಿರುವ ಪ್ರಶ್ನೆ ಒಂದೇ: "ಸಾರ್, ಇದು ಪರೀಕ್ಷೆಗೆ ಬರುತ್ತಾ?"

"ನೀನು ಮಾತಾಡ್ತೀಯಾ?" ಎಂದರು ಟೀಚರಮ್ಮ. ಧ್ವನಿ ಆಗಲೇ ಹರಿದ ಬಟ್ಟೆಯಂತಿತ್ತು. "ಎಷ್ಟು ವರ್ಷದಿಂದ ಕರೀತಿದ್ದೆ. ಕೈಕಾಲು ನಡುಗುತ್ತೆ ಅಂತಿದ್ದೆ."

"ಈಗಲೂ ನಡುಗ್ತಿದೆ" ಎಂದೆ. ಅದು ನಿಜವಾಗಿತ್ತು.

ಶನಿವಾರ ತೂಬಿನ ಕಲ್ಲು ಹತ್ತಿ, ನನಗೆ ಗೊತ್ತಿರುವ ಅತ್ಯಂತ ನೀರಸ ವಿಷಯ ಎತ್ತಿಕೊಂಡೆ. ಹಿಂದಿನ ಕಾಲದ ಕಂದಾಯ ಪದ್ಧತಿ. ಯಾವ ಅರಸರ ಕಾಲದಲ್ಲಿ ಯಾವ ತೆರಿಗೆ, ಅದಕ್ಕೆ ಮೊದಲಿನ ಹೆಸರೇನು, ಆಮೇಲಿನ ಹೆಸರೇನು. ಟೀಚರಮ್ಮ ಒಂದೊಂದನ್ನೂ ತಿರುಗಿಸಿ ಕೂಗಿ ಹೇಳುವಾಗ ಅವರಿಗೇ ಆಕಳಿಕೆ ಬಂತು. ಕೆಳಗೆ ಊರಿಗೂರೇ ತುಟಿ ಬಿಗಿದು ನೀರು ಚಿಮುಕಿಸುತ್ತಿತ್ತು. ಸಣ್ಣಪ್ಪನ ಕೆನ್ನೆ ಎಲಡಿಕೆಯಿಂದ ಊದಿಕೊಂಡಿತ್ತು. ಇನ್ನೇನು ಮುಗಿಸಬೇಕು. ಗೆದ್ದೆ ಎಂಬ ಧೈರ್ಯಕ್ಕೆ, ಮಾತು ಕಟ್ಟುವ ಅಭ್ಯಾಸಕ್ಕೆ, ಯಾವುದಕ್ಕೋ ಒಂದು ವಾಕ್ಯ ಬಾಯಿಂದ ಜಾರಿತು: "ಈ ಕೆರೆ ತಾನಾಗಿ ಆದದ್ದಲ್ಲ. ಇಲ್ಲಿ ಬರೀ ಹಳ್ಳವಿತ್ತು. ಈ ಏರಿಯನ್ನು ಜನ ಮಂಕರಿಯಲ್ಲಿ ಮಣ್ಣು ಹೊತ್ತು ಹಾಕಿದ್ದು."

ಟೀಚರಮ್ಮ ಅದನ್ನೂ ಕೂಗಿ ಹೇಳಿದರು. ಆಮೇಲೆ ಕಿವಿಯ ಹಿಂದೆ ಕೈಯಿಟ್ಟು ಅಂಗಳದ ಕಡೆ ಬಾಗಿದರು. "ಹ್ಞಾ?"

ಡಬ್ಬಗಳ ಸದ್ದು ಬಿಟ್ಟರೆ ಏನಿಲ್ಲ. ಟೀಚರಮ್ಮ ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು. ಎಲ್ಲರೂ ತಲೆ ತಗ್ಗಿಸಿದ್ದರು. ನಾನು ಮನಸ್ಸಿನಲ್ಲೇ ಮೈಸೂರಿನ ಬಸ್ಸು ಹತ್ತಿಯಾಗಿತ್ತು.

ಕೊನೆಯ ಮಡಿಯಲ್ಲಿ ಜವರಮ್ಮ ಡಬ್ಬ ಕೆಳಗಿಟ್ಟು ನೆಟ್ಟಗೆ ನಿಂತಳು. ಏರಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಅಲ್ಲಾ," ಎಂದಳು.

"ಯವ್ವ, ಸುಮ್ಕಿರು" ಎಂದು ಸಣ್ಣಪ್ಪ ಎಲಡಿಕೆಯ ಬಾಯಲ್ಲೇ ಗದರಿದ. ನಾನು ಜೋರಾಗಿ ಕೆಮ್ಮಿದೆ. ಜವರಮ್ಮ ನನ್ನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, "ಏನಿಲ್ಲ ಬುಡಿ" ಎಂದಳು.

"ಜವರಮ್ಮ, ಅಲ್ಲಾ ಅಂದ್ಮೇಲೆ ಏನೋ ಇದೆ. ಹೇಳು" ಎಂದರು ಟೀಚರಮ್ಮ.

ಆಕೆ ತಡೆದಳು. ನಾನು ನೋಡಿದ್ದೇನೆ, ನಿಜವಾಗಿಯೂ ತಡೆದಳು. ಕೊರಳ ನರ ಉಬ್ಬುವಷ್ಟು. ಆಮೇಲೆ ಆಗಲಿಲ್ಲ. "ಅಲ್ಲಾ, ಮಣ್ಣು ಒತ್ತೋರು ಇದ್ರಲ್ಲ, ಅವರು ಕೆರೆ ತುಂಬಿದ್ದ ನೋಡುದ್ರಾ? ಇಲ್ಲಾ ಬರೀ ಮಣ್ಣು ಒತ್ತು ಓಗ್ಬುಟ್ರಾ?"

ಟೀಚರಮ್ಮನ ಮುಖ ನೋಡಬೇಕಿತ್ತು. ಆ ಹರಿದ ಗಂಟಲಿನಲ್ಲಿ ಆ ಪ್ರಶ್ನೆಯನ್ನು ಇಡೀ ಅಂಗಳಕ್ಕೆ ಕೇಳುವಂತೆ ಇನ್ನೊಮ್ಮೆ ಕೂಗಿದರು. ಕೂಗಿದ್ದೇ ತಡ, ಕೋಡಿ ಬಿದ್ದ ಹಾಗಾಯಿತು. ಕೂಲಿ ಕೊಡ್ತಿದ್ರಾ, ಬಿಟ್ಟಿನಾ? ಹೆಂಗಸ್ರೂ ಹೊತ್ರಾ? ಅವರೇನು ನಮ್ಮೂರೋರಾ, ಕರ್ಕಂಡು ಬಂದೋರಾ? ಸಣ್ಣಪ್ಪ ಎಲಡಿಕೆ ಉಗಿದು ಕೇಳಿದ, "ಅಲ್ಲಿಗಂಟ ಊರೋರು ನೀರಿಗೆ ಎಲ್ಲಿಗೋಯ್ತಿದ್ರು ಕಣ್ಲಾ?" ನನ್ನ ಜೀವಮಾನದಲ್ಲಿ ನನಗೆ ಬಂದ ಪ್ರಶ್ನೆಗಳೆಲ್ಲ ಆ ಒಂದು ಸಂಜೆ ಬಂದವು. ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುತ್ತಾ ಕೆಸರಿನಲ್ಲಿ ನೀರು ಹೊತ್ತೆ. ಬೆವರಿನ ಜೊತೆ ಕಣ್ಣೀರು ಬಂದದ್ದು ಯಾರಿಗೂ ತಿಳಿಯಲಿಲ್ಲ, ಅದೊಂದು ಅನುಕೂಲವಾಯಿತು.

ಎಲ್ಲರೂ ಹೋದ ಮೇಲೆ ಟೀಚರಮ್ಮ ತೂಬಿನ ಕಲ್ಲಿನ ಮೇಲೆ ಕೂತರು. "ಊರಿಗೆಲ್ಲ ಬಾಯಿ ಹೊಲಿಸಿದ್ದೆಯಲ್ಲೋ."

"ಗೊತ್ತಾಯ್ತಾ?"

"ಸಣ್ಣಪ್ಪ ಎಲಡಿಕೆ ಹಾಕಿದ್ದು ಯಾವತ್ತು ನೋಡಿದ್ದೀಯ ನೀನು?" ನಕ್ಕರು. ನಗು ಕೆಮ್ಮಾಯಿತು, ಬಹಳ ಹೊತ್ತು ನಿಲ್ಲಲಿಲ್ಲ. ನಾನು ಅವರ ಕಾಲ ಹತ್ತಿರ ಕೂತು, ಸಾಕು ಟೀಚರಮ್ಮ, ನಾಳೆ ಹೋಗೋಣ, ನಿಮ್ಮ ದಮ್ಮಯ್ಯ ಎಂದೆ.

ಅವರು ಕೆರೆ ನೋಡುತ್ತಾ ಹೇಳಿದರು: "ಇವತ್ತು ಯಾರೂ ಕೇಳ್ದೇ ಇದ್ದಿದ್ರೆ ಬರ್ತಿದ್ದೆ ಕಣೋ. ಮಾತು ಮಾತೇ. ನಂಗೇನು ಧೈರ್ಯ ಜಾಸ್ತಿ ಅಂದ್ಕೊಂಡಿದ್ದೀಯಾ? ಹೆದ್ರಿಕೆ. ಅಲ್ಲಿ ಮಲಗಿ ಎದ್ದ ಮೇಲೆ ಬಾಯಿ ಬಿಟ್ರೆ ಏನೂ ಬರಲ್ಲ. ಆ ಧ್ವನಿ ಇಲ್ದೋಳು ಯಾರು ಅಂತ ನಂಗೆ ಗೊತ್ತಿಲ್ಲ. ಬೇಸಿಗೆ ಒಂದು ನೆಪ ಇತ್ತು. ಪಾಪ, ಜವರಮ್ಮ ಅದನ್ನ ಉಳಿಸಿಕೊಟ್ಟಳು."

ಎಲ್ಲರಿಗಿಂತ ಹೆಚ್ಚು ಹೆದರುವವನು ನಾನು ಎಂದು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

ಭರಣಿ ಕೈಕೊಟ್ಟಿತು. ಮುಂದಿನ ಮಳೆಯೂ ತಡವಾಗಿಯೇ ಬಂತು. ಕೊನೆಯ ಶನಿವಾರ ಟೀಚರಮ್ಮನ ಮಾತು ಹತ್ತಿರದ ಮಡಿಗಷ್ಟೇ ಕೇಳುತ್ತಿತ್ತು. ಆ ಮಡಿಯವರು ಅದನ್ನು ಪಕ್ಕದ ಮಡಿಗೆ ಹೇಳಿದರು, ಅವರು ಆಚೆಯ ಮಡಿಗೆ. ಹಾಗೆ ಕೈಯಿಂದ ಕೈಗೆ ಬಿಂದಿಗೆ ದಾಟಿಸಿದಂತೆ ಜವರಮ್ಮನವರೆಗೆ ಹೋಯಿತು. ಪ್ರಶ್ನೆಯೂ ಅದೇ ದಾರಿಯಲ್ಲಿ ವಾಪಸು ಬಂತು.

ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕಾಯಿತು. ಹೊರಗೆ ಬಂದ ಡಾಕ್ಟರು ನನ್ನ ಮುಂದೆ ನಿಂತು, "ಸ್ವಲ್ಪ ಮೊದಲೇ..." ಎಂದು ಶುರುಮಾಡಿ, ನನ್ನ ಮುಖ ನೋಡಿ, "ಊಟ ಮಾಡಿದ್ರಾ?" ಎಂದು ಮುಗಿಸಿದರು. ಆ ಮೊದಲ ವಾಕ್ಯದ ಉಳಿದರ್ಧವನ್ನು ನಾನು ಕೇಳಲಿಲ್ಲ. ಟೀಚರಮ್ಮನ ಶಿಷ್ಯ ನಾನು, ಕೇಳಬೇಕಿತ್ತು.

ಮಳೆಗಾಲವೆಲ್ಲ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು. ಹೋದವರನ್ನು ನೋಡಿ ಕಿವಿಯ ಹಿಂದೆ ಕೈಯಿಡುತ್ತಿದ್ದರು. ಅದೊಂದು ಉಳಿದಿತ್ತು. "ಹ್ಞಾ" ಇರಲಿಲ್ಲ, ಕೈ ಇತ್ತು. ಜನ ಹೇಳುತ್ತಿದ್ದರು, ಕೇಳುತ್ತಿದ್ದರು, ಅವರು ತಲೆಯಾಡಿಸುತ್ತಿದ್ದರು. ಜವರಮ್ಮ ಮಾತ್ರ ಬಂದು ಏನೂ ಕೇಳದೆ ಕಾಲೊತ್ತಿ ಹೋಗುತ್ತಿದ್ದಳು. ಸುಗ್ಗಿಯ ಹೊತ್ತಿಗೆ ಕಾಯಿಲೆ ಎದೆಗೆ ಇಳಿದಿತ್ತು. ಸಂಕ್ರಾಂತಿಗೆ ಅವರಿರಲಿಲ್ಲ.

ಈ ಬೇಸಿಗೆ ಯಾರೂ ಉಪನ್ಯಾಸದ ಮಾತೆತ್ತಲಿಲ್ಲ. ಮಡಿ ಹಾಕಿದರು, ನೀರು ಹಾಕಿದರು. ಮೊನ್ನೆ ಶನಿವಾರ ಸಂಜೆ, ಕಾಲು ಕರೆದುಕೊಂಡು ಹೋದದ್ದಕ್ಕೆ, ನಾನು ಏರಿಯ ಮೇಲೆ ಹೋಗಿ ನಿಂತೆ. ತೂಬಿನ ಕಲ್ಲು ಹತ್ತಲು ಧೈರ್ಯ ಬರಲಿಲ್ಲ. ಕೆಳಗೆ ಬಗ್ಗಿದ್ದವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು. ಅಂಗಳಕ್ಕೆ ಇಳಿದು, ಅವರಿವರ ಹತ್ತಿರ ನಿಂತು, ಕೊನೆಯ ಮಡಿಗೆ ಬಂದೆ.

ಜವರಮ್ಮ ನೀರು ಹಾಕಿ ಮುಗಿಸಿದ್ದಳು. ಖಾಲಿ ಡಬ್ಬಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನನ್ನು ನೋಡದೆ, ಸಸಿ ನೋಡುತ್ತಾ ಕೇಳಿದಳು.

"ಅವತ್ತು ನಾನು ಬಾಯಿ ಮುಚ್ಕಂಡಿದ್ರೆ ಟೀಚರಮ್ಮ ಉಳ್ಕತಿದ್ರಾ ಮಗ?"

ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಮುದುಕಿಗೆ ಅವತ್ತು ರಾತ್ರಿಯಾದರೂ ನಿದ್ದೆ ಬರುತ್ತಿತ್ತು. ಸಣ್ಣಪ್ಪ ಪಕ್ಕದ ಮಡಿಯಿಂದ, ಇಲ್ಲ ಅನ್ನು, ಇಲ್ಲ ಅನ್ನು ಎಂದು ಕೈಸನ್ನೆ ಮಾಡುತ್ತಿದ್ದ.

"ಗೊತ್ತಿಲ್ಲ ಕಣವ್ವ" ಎಂದೆ.

ಜವರಮ್ಮ ತಲೆಯಾಡಿಸಿದಳು. ಎರಡೂ ಡಬ್ಬಗಳನ್ನು ನನ್ನ ಕಡೆ ತಳ್ಳಿದಳು. ನೀರು ಈ ವರ್ಷ ಬಹಳ ಹಿಂದಕ್ಕೆ ಸರಿದಿತ್ತು. ಚಪ್ಪಲಿ ಬಿಟ್ಟು, ಡಬ್ಬಗಳನ್ನು ಎತ್ತಿಕೊಂಡು ನಡೆದೆ.